ಬಿಡುವಿನ ವೇಳೆ: ಊಟದ ಮೇಜಿನ ಮೇಲೊಂದು ಯುದ್ಧನೌಕೆ



ಕಳೆದ ಸಂಚಿಕೆಯಲ್ಲಿ ನಾನು ಹಳೆಯ ಗೋಡೆ ಗಡಿಯಾರವೊಂದನ್ನು ಬಿಚ್ಚಿ ಜೋಡಿಸಿದ ಸಾಹಸವನ್ನು ಓದಿದ ಕೆಲವು ಮಿತ್ರರು, “ಜೋಡಿಸಿದ ಮೇಲೆ ಅದು ನಡೆಯಿತೇ?” ಎಂದು ಕೇಳಿದ್ದಾರೆ. ನಡೆಯಿತು. ಎರಡು ತಿರುಪು ಮಾತ್ರ ಉಳಿದುಕೊಂಡವು. ಆ ಮಾತು ಅಲ್ಲಿಗಿರಲಿ. ಈ ಸಲ ಹೇಳಹೊರಟಿರುವುದು ಅದಕ್ಕಿಂತ ದೊಡ್ಡ ಸಂಗತಿ. ಸುಮಾರು ಒಂದು ವರ್ಷದಿಂದ ನಮ್ಮ ಮನೆಯ ಊಟದ ಮೇಜಿನ ಮೇಲೆ ನಲವತ್ತಾರು ತೋಪುಗಳ ಯುದ್ಧನೌಕೆಯೊಂದು ಬೀಡುಬಿಟ್ಟಿದೆ. ನಾವು ನೆಲದ ಮೇಲೆ ಕುಳಿತು ಉಣ್ಣುತ್ತಿದ್ದೇವೆ. ಇದರಿಂದ ಆರೋಗ್ಯ ಸುಧಾರಿಸಿತೆಂದು ನಾನೂ, ಮಂಡಿ ನೋಯುತ್ತದೆಂದು ನಮ್ಮ ಮನೆಯವಳೂ ಅಭಿಪ್ರಾಯಪಟ್ಟಿದ್ದೇವೆ.

ಇದೆಲ್ಲ ಪ್ರಾರಂಭವಾದದ್ದು ಲೋಕಲ್ ಗಾಡಿಯ ಕಿಟಕಿಯಲ್ಲಿ. ಮುಂಬ್ರಾದಲ್ಲಿ ಮನೆ ಮಾಡಿದ ನಮ್ಮಂಥವರಿಗೆ ಒಂದು ಕಡೆ ಪಾರಸಿಕ್ ಗುಡ್ಡ, ಇನ್ನೊಂದು ಕಡೆ ಖಾಡಿಯ ನೀರು. ನಡುವೆ ರೈಲು ಹಳಿ ಮತ್ತು ಜನ. ಹನ್ನೊಂದು ವರ್ಷದ ನನ್ನ ಮೊಮ್ಮಗ ಒಂದು ಭಾನುವಾರ ಆ ನೀರನ್ನು ನೋಡುತ್ತ, “ಅಜ್ಜ, ಇದರೊಳಗೆ ಎಂದಾದರೂ ದೊಡ್ಡ ಹಡಗು ಬಂದಿತ್ತಾ?” ಎಂದ. ಹುಡುಗ ಶಾಲೆಯಲ್ಲಿ ಇಂಗ್ಲೀಷು, ಮೆಟ್ಟಿಲ ಮೇಲೆ ಹಿಂದಿ, ಅಂಗಡಿಯಲ್ಲಿ ಮರಾಠಿ ಆಡುವವನು. ಅವನ ಬಾಯಲ್ಲಿ ಪೂರ್ತಿ ಒಂದು ವಾಕ್ಯ ಕನ್ನಡ ಬಂದಾಗ ನಾನು ಉತ್ತರ ಕೊಡದೆ ಬಿಡುವವನಲ್ಲ.

ಬಂದಿತ್ತು. 1657ರಲ್ಲಿ ಕಲ್ಯಾಣ, ಭಿವಂಡಿಗಳು ಶಿವಾಜಿ ಮಹಾರಾಜರ ಕೈಸೇರಿದವು. ಅವರ ನೌಕಾಬಲದ ಮೊದಲ ಹಡಗುಗಳು ಹುಟ್ಟಿದ್ದು ಈ ಉಲ್ಹಾಸ ನದಿಯ ಅಳಿವೆಯಲ್ಲಿಯೇ. ಗುರಾಬ್, ಗಲಬತ್ ಎಂಬ ಆ ನಾವೆಗಳು ನಮ್ಮ ಕರಾವಳಿಗೂ ಅಪರಿಚಿತವಲ್ಲ. 1665ರ ಫೆಬ್ರುವರಿಯಲ್ಲಿ ಆ ನೌಕಾಪಡೆ ದಕ್ಷಿಣಕ್ಕೆ ಇಳಿದು ನಮ್ಮ ಬಸರೂರನ್ನು ಸೂರೆಮಾಡಿ, ಹಿಂದಿರುಗುವಾಗ ಗೋಕರ್ಣದಲ್ಲಿ ತಂಗಿತ್ತು. “ಅಂದರೆ ಇಲ್ಲಿಂದ ಹೋಗಿ ನಮ್ಮವರನ್ನೇ ಲೂಟಿ ಮಾಡಿದರಾ?” ಎಂದು ಹುಡುಗ ಕೇಳಿದ. ಗಾಡಿ ಠಾಣೆಗೆ ಬಂದಿತ್ತು. ಇಳಿಯುವ ಗಡಿಬಿಡಿ ನನ್ನನ್ನು ಕಾಪಾಡಿತು.

ಅಂದೇ ಸಂಜೆ ಹಡಗು ಕಟ್ಟುವುದೆಂದು ನಿಶ್ಚಯವಾಯಿತು. ಆದರೆ ಯಾವ ಹಡಗು? ಗುರಾಬುಗಳ ಮೂಲ ನಕ್ಷೆ ನನಗೆ ಸಿಕ್ಕಲಿಲ್ಲ. ನಕ್ಷೆ ಸಿಗಬೇಕು, ಸಾಧ್ಯವಾದರೆ ಹಡಗೂ ಇಂದಿಗೂ ಇರಬೇಕು, ನಮ್ಮ ನೆಲಕ್ಕೆ ಸಂಬಂಧವೂ ಇರಬೇಕು. ಈ ಮೂರೂ ಸೇರಿದ ಹಡಗು ಒಂದೇ: ಮುಂಬಯಿಯಲ್ಲಿ ಕಟ್ಟಿದ ‘ಟ್ರಿಂಕೊಮಲಿ’.

ಅದರ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. 1736ರಲ್ಲಿ ಸೂರತಿನಿಂದ ಮುಂಬಯಿಗೆ ಬಂದ ಲವಜೀ ನಸರವಾನಜೀ ವಾಡಿಯಾ ಎಂಬ ಪಾರಸಿ ಕುಶಲಿಯ ವಂಶದವರು ಇಲ್ಲಿಯ ಹಡಗುಕಟ್ಟೆಯಲ್ಲಿ ತಲೆತಲಾಂತರ ಹಡಗು ಕಟ್ಟಿದರು. ಲವಜೀಯವರ ಮೊಮ್ಮಗ ಜಮಶೇಟಜೀ ಬೊಮನಜೀ. ಬ್ರಿಟಿಷ್ ರಾಜನೌಕಾದಳಕ್ಕಾಗಿ 74 ತೋಪುಗಳ ‘ಮಿಂಡೆನ್’ ಎಂಬ ಹಡಗನ್ನು ಅವರು 1810ರಲ್ಲಿ ನೀರಿಗಿಳಿಸಿದರು. 1842ರಲ್ಲಿ ಚೀನಾದೊಡನೆ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿದ್ದ ‘ಕಾರ್ನ್‌ವಾಲಿಸ್’ ಹಡಗೂ ಮುಂಬಯಿಯದೇ.

‘ಟ್ರಿಂಕೊಮಲಿ’ಯನ್ನು ಕಟ್ಟಲು ಆಜ್ಞೆಯಾದದ್ದು 1812ರಲ್ಲಿ. ಅದರ ನಕ್ಷೆಗಳನ್ನು ‘ಜಾವಾ’ ಎಂಬ ಹಡಗಿನಲ್ಲಿಟ್ಟು ಇಂಗ್ಲೆಂಡಿನಿಂದ ಕಳಿಸಿದರು. ಅದೇ ಡಿಸೆಂಬರಿನಲ್ಲಿ ಬ್ರಜಿಲ್ ದೇಶದ ಕರಾವಳಿಯಾಚೆ ಅಮೆರಿಕದವರ ‘ಕಾನ್‌ಸ್ಟಿಟ್ಯೂಷನ್’ ನೌಕೆ ‘ಜಾವಾ’ವನ್ನು ಸೋಲಿಸಿ ಸುಟ್ಟುಹಾಕಿತು, ನಕ್ಷೆಗಳೂ ಹೋದವು. ಮತ್ತೆ ಬರೆಸಿ, ಮತ್ತೆ ಕಳಿಸಿ, ಅಡಿಮರ ಇಡುವ ವೇಳೆಗೆ 1816 ಬಂತು. 1817ನೆಯ ಅಕ್ಟೋಬರ್ 12ರಂದು ಹಡಗು ನೀರಿಗಿಳಿಯಿತು. ಪಾರಸಿಗಳ ಸಂಪ್ರದಾಯದಂತೆ ಅಡಿಮರಕ್ಕೆ ಬೆಳ್ಳಿಯ ಮೊಳೆಯೊಂದನ್ನು ಬಡಿದಿದ್ದರು. ಮೈಯೆಲ್ಲ ಮಲಬಾರಿನ ಸಾಗುವಾನಿ.

ನನ್ನ ನಕ್ಷೆಗೆ ಅಂಥ ವೀರಮರಣ ಪ್ರಾಪ್ತವಾಗಲಿಲ್ಲ. ಮೊದಲನೆಯ ಪ್ರತಿ ಹಳೆಯ ವೃತ್ತಪತ್ರಿಕೆಗಳ ಜೊತೆ ರದ್ದಿಯವನ ತಕ್ಕಡಿ ಏರಿತು. ಕಟ್ಟಿಕೊಟ್ಟವನು ನಾನೇ ಆದ್ದರಿಂದ ಯಾರನ್ನೂ ಬೈಯುವಂತಿರಲಿಲ್ಲ.

ಈಗ ಕೆಲಸದ ವಿಷಯ. ನಾವು ಆರಿಸಿದ ಅಳತೆ ಒಂದು ಅಡಿಗೆ ಅರ್ಧಪಾವು ಅಂಗುಲ, ಎಂದರೆ 96ರಲ್ಲಿ ಒಂದು ಪಾಲು. ನಿಜವಾದ ಹಡಗಿನ ತೋಪಿನ ಅಟ್ಟ 150 ಅಡಿ ಉದ್ದ, ಹಡಗಿನ ಅಗಲ 40 ಅಡಿಗೆ ಒಂದು ಕೂದಲೆಳೆ ಕಡಿಮೆ. ಮಾದರಿಯಲ್ಲಿ ಇದು ಸುಮಾರು ಹತ್ತೊಂಬತ್ತು ಅಂಗುಲ ಉದ್ದ, ಐದಂಗುಲ ಅಗಲವಾಗುತ್ತದೆ. ಮೂತಿಯ ಕಂಬವೂ ಸೇರಿದರೆ ಎರಡಡಿ ಮೀರುತ್ತದೆ. ಜಾಗವನ್ನು ಮೊದಲೇ ನೋಡಿಕೊಳ್ಳಿ. ಈ ಲೆಕ್ಕದಲ್ಲಿ ಐದೂವರೆ ಅಡಿಯ ನಾನು ಮುಕ್ಕಾಲು ಅಂಗುಲಕ್ಕೂ ಕಡಿಮೆ. ಇದನ್ನು ಕೇಳಿ ಮನೆಯಲ್ಲಿ ಎಲ್ಲರಿಗೂ ಸಂತೋಷವಾಯಿತು.

ಮರದ ವಿಷಯದಲ್ಲಿ ಹೊಸಬರು ತಪ್ಪುವುದುಂಟು. ನಿಜವಾದ ಹಡಗು ಸಾಗುವಾನಿಯದೆಂದು ಮಾದರಿಗೂ ಸಾಗುವಾನಿಯನ್ನು ತಂದರೆ ಅದರ ಒರಟು ಎಳೆಗಳು ಈ ಅಳತೆಯಲ್ಲಿ ನೇಗಿಲ ಸಾಲಿನಂತೆ ಕಾಣುತ್ತವೆ. ನುಣ್ಣಗಿನ ಬಿಳಿಯ ಮರ ಬೇಕು. ಚನ್ನಪಟ್ಟಣದ ಬೊಂಬೆ ಕಡೆಯುವ ಆಲೆಮರ ಇದಕ್ಕೆ ಹೇಳಿ ಮಾಡಿಸಿದ್ದು. ಕೊಯ್ದರೆ ಬೆಣ್ಣೆ, ಉಜ್ಜಿದರೆ ದಂತ. ಸಾಗುವಾನಿಯನ್ನು ನಾನು ಅಡಿಮರಕ್ಕೆ ಮಾತ್ರ ಬಳಸಿದೆ. ಅದು ಕುಮಟೆಯ ನಮ್ಮ ಹಳೆಯ ಮನೆ ಕೆಡವಿದಾಗ ತಂದಿಟ್ಟಿದ್ದ ಕಿಟಕಿಯ ಚೌಕಟ್ಟಿನ ತುಂಡು. ಮೂವತ್ತು ವರ್ಷ ಮಂಚದ ಕೆಳಗಿತ್ತು. ಕೊಯ್ದಾಗ ಒಳಗಿನಿಂದ ಎಣ್ಣೆಯ ವಾಸನೆ ಹೊಸದಾಗಿಯೇ ಬಂತು. ಸಾಗುವಾನಿಯ ಗುಟ್ಟು ಈ ಎಣ್ಣೆಯೇ. ಇಂಗ್ಲೆಂಡಿನ ಓಕ್ ಮರದ ಆಮ್ಲ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ; ಸಾಗುವಾನಿ ಅದನ್ನು ಕಾಪಾಡುತ್ತದೆ. ಇನ್ನೂರು ವರ್ಷ ದಾಟಿಯೂ ‘ಟ್ರಿಂಕೊಮಲಿ’ ತೇಲುತ್ತಿರುವುದಕ್ಕೆ ಇದೊಂದು ಕಾರಣ.

ಅಡಿಮರದ ಮೇಲೆ ಪಕ್ಕೆಲುಬುಗಳಂತೆ ಅಡ್ಡಹಲಗೆಗಳನ್ನು ನಿಲ್ಲಿಸಬೇಕು. ಅದರ ಮೇಲೆ ತೆಳುಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ, ಬಾಗಿಸಿ, ಅಂಟಿಸುತ್ತ ಬರಬೇಕು. ಹಡಗಿನ ಮೈ ನಡುವೆ ದಪ್ಪ, ಮೂತಿಯಲ್ಲಿ ಸಪೂರ. ಆದ್ದರಿಂದ ಪ್ರತಿಯೊಂದು ಪಟ್ಟಿಯನ್ನೂ ತುದಿಯ ಕಡೆ ಕಿರಿದಾಗಿ ಹೆರೆಯಬೇಕು. ಎಡಕ್ಕೊಂದು ಹಾಕಿದರೆ ಬಲಕ್ಕೊಂದು ಹಾಕಬೇಕು. ಒಂದೇ ಬದಿಯನ್ನು ಮುಗಿಸಲು ಹೊರಟರೆ ಅಡಿಮರ ಬಿಲ್ಲಿನಂತೆ ಬಾಗುತ್ತದೆ. ಇದಿಷ್ಟನ್ನೂ ನಾನು ಪುಸ್ತಕದಲ್ಲಿ ಓದಿಕೊಂಡಿದ್ದೆ. ಪುಸ್ತಕ ಹೇಳದಿದ್ದದ್ದು ಒಂದಿತ್ತು: ಮುಂಬ್ರಾದ ಮಳೆಗಾಲ.

ಜುಲೈ ತಿಂಗಳು. ಹೊರಗೆ ಬಿಡದೆ ಹೊಯ್ಯುವ ಮಳೆ, ಹಗ್ಗದ ಮೇಲಿನ ಬಟ್ಟೆ ಮೂರು ದಿನಕ್ಕೂ ಒಣಗದು. ಅಂಥದರಲ್ಲಿ ನಾವಿಬ್ಬರೂ ಉತ್ಸಾಹದಿಂದ ಪಟ್ಟಿಗಳನ್ನು ಅಂಟಿಸಿದೆವು. ಗಣೇಶ ಚೌತಿಗೆ ಮೈ ಮುಗಿಯಿತು. ಬಂದ ನೆಂಟರಿಗೆಲ್ಲ ತೋರಿಸಿದೆವು. ಡಿಸೆಂಬರಿನ ಒಣಗಾಳಿ ಬೀಸಿದ್ದೇ ತಡ, ತೇವ ಕುಡಿದು ಉಬ್ಬಿದ್ದ ಮರ ಸಂಕುಚಿಸಿ ಎಡಗಡೆಯ ಹನ್ನೊಂದು ಸಂದುಗಳು ಬಾಯಿಬಿಟ್ಟವು. ಹಡಗು ಕಟ್ಟುವವರು ಮರವನ್ನು ವರ್ಷಗಟ್ಟಲೆ ಒಣಗಿಸಿಡುತ್ತಿದ್ದುದು ಇದಕ್ಕೇ ಎಂದು ಆಗ ತಲೆಗೆ ಹೊಳೆಯಿತು. ಸಂದಿಗೆ ಮೇಣ ತುಂಬಿ ಬಣ್ಣ ಬಳಿದರೆ ಯಾರಿಗೂ ತಿಳಿಯದೆಂದು ನಾನು ಉಪಾಯ ಹೂಡಿದೆ. ಮೊಮ್ಮಗ ಒಪ್ಪಲಿಲ್ಲ. “ನಮಗೆ ಗೊತ್ತಾಗತ್ತಲ್ಲ ಅಜ್ಜ” ಎಂದ. ಎಡಗಡೆಯನ್ನು ಪೂರ್ತಿ ಕಿತ್ತು ಮತ್ತೆ ಹೊದಿಸಿದೆವು. ವಾಚಕರು ಪಟ್ಟಿ ಅಂಟಿಸುವ ಕೆಲಸವನ್ನು ಚಳಿಗಾಲಕ್ಕೆ ಇಟ್ಟುಕೊಳ್ಳುವುದು ಲೇಸು.

ನೀರಿನೊಳಗಿನ ಭಾಗಕ್ಕೆ ತಾಮ್ರದ ಹೊದಿಕೆ. ಮರ ಕೊರೆಯುವ ಸಮುದ್ರದ ಹುಳುವಿನಿಂದ ಕಾಪಾಡಲು, ಚಿಪ್ಪುಗಳು ಅಂಟಿ ವೇಗ ಕುಗ್ಗದಂತಿರಲು ಅಂದಿನವರು ಸುಮಾರು ನಾಲ್ಕಡಿ ಉದ್ದ, ಹದಿನಾಲ್ಕು ಅಂಗುಲ ಅಗಲದ ತಾಮ್ರದ ತಗಡುಗಳನ್ನು ಹೊಡೆಯುತ್ತಿದ್ದರು. ನಮ್ಮ ಅಳತೆಗೆ ಒಂದೊಂದು ತಗಡು ಅರ್ಧ ಅಂಗುಲ ಉದ್ದ, ಅಕ್ಕಿಕಾಳಿನ ಮೊದಲ ಪಾಲಿನಷ್ಟು ಅಗಲ. ಲ್ಯಾಮಿಂಗ್ಟನ್ ರಸ್ತೆಯ ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಅಂಟು ಸಹಿತ ತಾಮ್ರದ ಪಟ್ಟಿ ಸಿಕ್ಕಿತು. ಬದಿಗೆ ಎಂಟು ಒಂಬೈನೂರು ತುಂಡು. ಎಣಿಕೆ ಇಟ್ಟವನು ಮೊಮ್ಮಗ; ಅವನ ಷರತ್ತು ನನ್ನದು, ಕನ್ನಡದಲ್ಲಿಯೇ ಎಣಿಸಬೇಕು ಎಂದು. “ಎಪ್ಪತ್ತೊಂಬತ್ತು” ಮತ್ತು “ಎಂಬತ್ತೊಂಬತ್ತು” ಅವನಿಗೆ ಬಹಳ ತೊಂದರೆ ಕೊಟ್ಟವು. ಬಲಗಡೆ ಮುಗಿಯುವಷ್ಟರಲ್ಲಿ ಆ ತೊಂದರೆ ಹೋಯಿತು.

ಶಬ್ದಗಳ ಸಮಸ್ಯೆ ನನಗೂ ಇತ್ತು. ಪುಸ್ತಕದ ತುಂಬ ಇಂಗ್ಲೀಷು ಹೆಸರುಗಳು. ಭಾನುವಾರ ರಾತ್ರಿ ಕುಮಟೆಯಲ್ಲಿರುವ ನಮ್ಮತ್ತೆಯವರಿಗೆ ಫೋನು ಹಚ್ಚಿ ಕೇಳುವುದೆಂದಾಯಿತು. ತೊಂಬತ್ತು ದಾಟಿದ ಅವರಿಗೆ ಕಿವಿ ಮಂದ, ನೆನಪು ಚುರುಕು. ಹಾಯಿ, ಪಟ, ಕೂವೆಮರ, ಚುಕ್ಕಾಣಿ, ಲಂಗರು, ಹುಟ್ಟು, ಮಚವೆ, ಪಾತಿ ದೋಣಿ ಎಂದು ಒಂದೊಂದಾಗಿ ಹೇಳುವರು. ಹುಡುಗ ಇಲ್ಲಿ ಕೂಗಿ ಹೇಳುವನು, ಅಲ್ಲಿಂದ ಅವರು ತಿದ್ದುವರು. ಹೀಗೆ ಮರಿಮೊಮ್ಮಗನೊಡನೆ ವಾರಕ್ಕೊಮ್ಮೆ ಮಾತಾಡುವ ಯೋಗ ಅವರಿಗೆ ಹಡಗಿನ ನೆಪದಲ್ಲಿ ಒದಗಿತು.

ತೋಪುಗಳು ನಲವತ್ತಾರು. ಮುಖ್ಯ ಅಟ್ಟದ ಇಪ್ಪತ್ತೆಂಟು ಹದಿನೆಂಟು ಪೌಂಡಿನ ಗುಂಡು ಹಾರಿಸುವಂಥವು. ಮಾದರಿಯಲ್ಲಿ ಒಂದೊಂದೂ ಒಂದು ಅಂಗುಲದಷ್ಟು. ಹಿತ್ತಾಳೆಯ ಸಲಾಕೆಯನ್ನು ಕಡೆದು ಕಪ್ಪು ಬಳಿದೆವು. ಮೇಲ್ಕಂಬಗಳ ಸಣ್ಣ ಅಡ್ಡಗಳಿಗೆ ಉದುಬತ್ತಿಯ ಬಿದಿರು ಕಡ್ಡಿ ಸಾಕು. ಉದುಬತ್ತಿ ಉರಿದಾದ ಮೇಲೆ ಉಳಿಯುವ ತುಂಡೇ ಆದೀತು. ದೇವರಿಗೂ ಸಂದಿತು, ಹಡಗಿಗೂ ಸಂದಿತು.

ಅತ್ಯಂತ ಕಷ್ಟದ್ದು ಹಗ್ಗಗಳ ಕೆಲಸ. ಕೂವೆಮರಗಳನ್ನು ಹಿಡಿದು ನಿಲ್ಲಿಸುವ ಹಗ್ಗಗಳಿಗೆ ಟಾರು ಬಳಿಯುತ್ತಿದ್ದರು, ಅವು ಕಪ್ಪು. ಹಾಯಿಯನ್ನು ಏರಿಸಿ ಇಳಿಸುವ ಹಗ್ಗಗಳು ನಾರಿನ ಬಣ್ಣ. ನಾವಿಕರು ಹತ್ತುವ ಹಗ್ಗದೇಣಿಯ ಮೆಟ್ಟಿಲುಗಳ ನಡುವೆ ಅಡಿಗಿಂತ ತುಸು ಹೆಚ್ಚು ಅಂತರ. ನಮ್ಮ ಅಳತೆಗೆ ಒಂದು ಅಂಗುಲದ ಏಳನೆಯ ಪಾಲು. ಪ್ರತಿ ಮೆಟ್ಟಿಲಿಗೂ ಪ್ರತಿ ಹಗ್ಗಕ್ಕೂ ಒಂದೊಂದು ಗಂಟು, ಒಟ್ಟು ಸಾವಿರಾರು. ಮೂರು ಸಂಜೆ ಕುಳಿತು ನಾನು ಕಟ್ಟಿದ್ದು ಆರು ಮೆಟ್ಟಿಲು, ಆರೂ ಸೊಟ್ಟ. ಅಷ್ಟು ದಿನ ಮೇಜಿನ ಕಡೆ ತಿರುಗಿಯೂ ನೋಡದಿದ್ದ ನಮ್ಮ ಮನೆಯವಳು ನಾಲ್ಕನೆಯ ದಿನ ಬಂದು ಹಿಂದೆ ನಿಂತು, “ಅದನ್ನು ಹಾಗೆ ಕಟ್ಟುತ್ತಾರೆಯೇ? ಇದು ಮಲ್ಲಿಗೆ ಕಟ್ಟುವ ಗಂಟಲ್ಲವೇ?” ಎಂದಳು. ಹೆಬ್ಬೆರಳಿನ ಮೇಲೆ ದಾರವನ್ನು ಒಂದು ಸುತ್ತು ಹೊರಳಿಸಿ ಎಳೆದಳು. ಗಂಟು ಕೂತಿತು. ಅರವತ್ತು ವರ್ಷ ಹೂ ಕಟ್ಟಿದ ಬೆರಳುಗಳಿಗೆ ಬ್ರಿಟಿಷ್ ನೌಕಾದಳ ಯಾವ ಲೆಕ್ಕ! ಹಗ್ಗದೇಣಿಗಳೆಲ್ಲ ಅವಳವೇ. ದಾರಕ್ಕೆ ಜೇನುಮೇಣ ಸವರಿದರೆ ಎಳೆ ಬಿಚ್ಚದೆಂಬ ಉಪಾಯವೂ ಅವಳದೇ.

ಅಡಿಮರಕ್ಕೆ ಬೆಳ್ಳಿಯ ಮೊಳೆ ಬೇಕಲ್ಲ ಎಂದಾಗ ಮುರಿದ ಕಾಲ್ಗೆಜ್ಜೆಯ ಒಂದು ಕೊಂಡಿಯನ್ನೂ ಅವಳೇ ಕೊಟ್ಟಳು. ಅದನ್ನು ತಟ್ಟಿ ಚೂಪುಮಾಡಿ, ಎಡಗಡೆ ಕಿತ್ತಿದ್ದ ವೇಳೆಯಲ್ಲಿ ಒಳಗಿನಿಂದ ಹೊಡೆದೆವು. ಈಗ ಅದು ಯಾರಿಗೂ ಕಾಣದು.

ಕೆಲಸ ಹೀಗೆ ಮುಂದುವರಿಯುತ್ತಿದ್ದಾಗ ಮನೆಯಲ್ಲಿ ಒಂದು ಸುದ್ದಿ ಬಂತು. ಮಗನಿಗೆ ಕೆನಡಾ ದೇಶದಲ್ಲಿ ಕೆಲಸ ಸಿಕ್ಕಿತು. ಸೊಸೆ, ಮೊಮ್ಮಗ ಎಲ್ಲರೂ ಹೊರಡುವುದು. ನಾನು ಕುಮಟೆ ಬಿಟ್ಟು ಬಂದಾಗ ನನ್ನ ತಂದೆ ಏನೂ ಅಂದಿರಲಿಲ್ಲ. ನಾನೂ ಏನೂ ಅನ್ನಲಿಲ್ಲ. ಹಗ್ಗದ ಕೆಲಸ ಮಾತ್ರ ಬೇಗ ಮುಗಿಯಬೇಕಾಯಿತು.

ಕೊನೆಗೆ ಉಳಿದದ್ದು ಧ್ವಜ. ಅಲ್ಲಿ ವಾದ ಪ್ರಾರಂಭವಾಯಿತು. ಇತಿಹಾಸಕ್ಕೆ ಅನುಸಾರವಾಗಿ ಬ್ರಿಟಿಷರ ಧ್ವಜವನ್ನೇ ಹಾಕಬೇಕು. 1864ರವರೆಗೆ ಅವರಲ್ಲಿ ಕೆಂಪು, ಬಿಳಿ, ನೀಲಿ ಎಂದು ಮೂರು ಬಣ್ಣದ ನೌಕಾಧ್ವಜಗಳಿದ್ದವು. ಯಾವ ಬಣ್ಣ ಎಂಬುದಷ್ಟೇ ಪ್ರಶ್ನೆಯೆಂದು ನಾನು ತಿಳಿದಿದ್ದೆ. ಹುಡುಗ, “ಕಟ್ಟಿದವರು ಇಲ್ಲಿಯವರು, ಮರ ಇಲ್ಲಿಯದು, ಬಾವುಟ ಅವರದು ಯಾಕೆ?” ಎಂದ. ದುಡ್ಡು ಕೊಟ್ಟವರು ಅವರಾದ್ದರಿಂದ ಎಂದೆ. “ಮರಕ್ಕೂ ದುಡ್ಡು ಕೊಟ್ಟರಾ?” ಎಂದ.

ಇದು ಸುಲಭದ ಪ್ರಶ್ನೆಯಲ್ಲ. ಹಡಗುಗಳಿಗೆ ಸಾಗುವಾನಿ ಒದಗಿಸಲೆಂದೇ ಕಂಪನಿ ಸರಕಾರ 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಅರಣ್ಯಾಧಿಕಾರಿಯಾಗಿ ನೇಮಿಸಿತು. ಮಲಬಾರಿನ ಸಾಗುವಾನಿಯ ಮೇಲೆ ಏಕಸ್ವಾಮ್ಯ ಬಂತು. ತಮ್ಮ ನೆಲದ ಮರವನ್ನು ತಾವೇ ಕಡಿಯುವಂತಿಲ್ಲವೆಂದು ಮರದ ಒಡೆಯರೂ ರೈತರೂ ರೊಚ್ಚಿಗೆದ್ದರು. ಕೊನೆಗೆ 1823ರಲ್ಲಿ ಆ ಅಧಿಕಾರವನ್ನೇ ರದ್ದುಮಾಡಬೇಕಾಯಿತು. ‘ಟ್ರಿಂಕೊಮಲಿ’ ಕಟ್ಟಿದ್ದು ಈ ಎರಡು ವರ್ಷಗಳ ನಡುವೆ. ಇದನ್ನು ಹೇಳಿದೆ. ಜಮಶೇಟಜೀಯವರು ಒಂದು ಹಡಗಿನ ಒಳಮರದಲ್ಲಿ, ಇದನ್ನು ಕಟ್ಟಿದವನೊಬ್ಬ ಕಪ್ಪು ಮನುಷ್ಯ ಎಂಬ ಅರ್ಥದ ಮಾತನ್ನು ಗುಟ್ಟಾಗಿ ಕೊರೆಸಿಟ್ಟಿದ್ದರೆಂಬ ಕಥೆಯನ್ನೂ ಹೇಳಿದೆ. ಹುಡುಗ ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ನಮ್ಮ ಧ್ವಜ?” ಎಂದ. 1817ರಲ್ಲಿ ನಮ್ಮ ಧ್ವಜ ಇರಲಿಲ್ಲ ಮಗು, ಇಲ್ಲದ್ದನ್ನು ಹಾಕಿದರೆ ಮೇಣ ತುಂಬಿ ಬಣ್ಣ ಬಳಿದ ಹಾಗೆಯೇ ಆಗುತ್ತದೆ ಎಂದೆ. ತನ್ನ ಮಾತೇ ತನಗೆ ತಿರುಗಿ ಬಂದದ್ದಕ್ಕೆ ಅವನಿಗೆ ಸಿಟ್ಟು ಬಂತು. ಆ ಸಂಜೆ ನಮ್ಮೊಳಗೆ ಮಾತಿರಲಿಲ್ಲ.

ಮರುದಿನ ಅವನೇ ಬಂದು ಮೊಬೈಲಿನಲ್ಲಿ ನಿಜವಾದ ಹಡಗಿನ ಚಿತ್ರ ತೋರಿಸಿದ. ಇಂಗ್ಲೆಂಡಿನ ಹಾರ್ಟಲ್‌ಪೂಲ್ ಎಂಬ ಊರಿನಲ್ಲಿ ಅದು ನಿಂತಿದೆ. 1857ರಲ್ಲಿ ಯುದ್ಧಸೇವೆ ಮುಗಿಯಿತು. ಆಮೇಲೆ ನಾವಿಕರ ತರಬೇತಿಗೆ ದುಡಿಯಿತು. 1897ರಲ್ಲಿ ಒಡೆಯಲೆಂದು ಮಾರಿದಾಗ ಸಹೃದಯರೊಬ್ಬರು ಕೊಂಡು ಉಳಿಸಿ ಬೇರೆ ಹೆಸರಿಟ್ಟರು. 1987ರಲ್ಲಿ ಹಾರ್ಟಲ್‌ಪೂಲಿಗೆ ಬಂತು. 1992ರಲ್ಲಿ ಹಳೆಯ ಹೆಸರು ತಿರುಗಿ ಬಂತು. ಜೀರ್ಣೋದ್ಧಾರ ಮುಗಿದದ್ದು 2001ರಲ್ಲಿ. ಇಂದಿಗೂ ತೇಲುತ್ತಿರುವ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಅದೇ ಅತ್ಯಂತ ಹಳೆಯದು. ಅದರ ಮರದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಮುಂಬಯಿಯಲ್ಲಿ ಜೋಡಿಸಿದ್ದೇ. “ಅಲ್ಲಿಯವರು ಅದನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ ಅಜ್ಜ” ಎಂದ. ಹೌದು, ಚೆನ್ನಾಗಿ ನೋಡಿಕೊಂಡಿದ್ದಾರೆ.

ಧ್ವಜದ ವಿಷಯ ಹಾಗೆಯೇ ಉಳಿಯಿತು. ಹಿಂಬದಿಯ ಕಂಬಕ್ಕೆ ಧ್ವಜದ ಹಗ್ಗವನ್ನು ಕಟ್ಟಿ ಬಿಟ್ಟಿದ್ದೇವೆ, ಬಟ್ಟೆ ಕಟ್ಟಿಲ್ಲ. ಯೋಚನೆ ಮಾಡಿ ಬಂದು ತಾನೇ ಕಟ್ಟುವುದಾಗಿ ಹುಡುಗ ಹೇಳಿದ್ದಾನೆ. ಮುಂದಿನ ತಿಂಗಳು ಅವರ ಪ್ರಯಾಣ. ಹಡಗು ವಿಮಾನದ ಪೆಟ್ಟಿಗೆಯಲ್ಲಿ ಹಿಡಿಯುವಂಥದಲ್ಲ. ಗಾಜಿನ ಪೆಟ್ಟಿಗೆ ಮಾಡಿಸಲು ಹೇಳಿದ್ದೇನೆ. ಮುಚ್ಚಳ ತೆಗೆಯುವಂತಿರಬೇಕೆಂದು ಬಡಗಿಗೆ ಎರಡು ಸಲ ಹೇಳಿದ್ದೇನೆ.

ಮುಂದಿನ ಹಡಗನ್ನೂ ಅವನೇ ಗೊತ್ತುಮಾಡಿದ್ದಾನೆ: ನಮ್ಮ ನೌಕಾದಳದ ‘ಕೌಂಡಿನ್ಯ’. ಅಜಂತೆಯ ಚಿತ್ರವೊಂದನ್ನು ನೋಡಿ, ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಾಯಿಹಡಗು ಅದು. ಹಳೆಯ ನಕ್ಷೆ ಇರಲಿಲ್ಲವಾದ್ದರಿಂದ ಮೊದಲು ಮಾದರಿ ಮಾಡಿ ಮದರಾಸಿನ ಐ.ಐ.ಟಿ.ಯಲ್ಲಿ ನೀರಿನ ಪರೀಕ್ಷೆ ನಡೆಸಿದರು. 2025ರ ಮೇ ತಿಂಗಳಲ್ಲಿ ಅದು ನೌಕಾದಳವನ್ನು ಸೇರಿದ್ದು ನಮ್ಮ ಕಾರವಾರದಲ್ಲಿ. ಅದೇ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು 2026ರ ಜನವರಿಯಲ್ಲಿ ಮಸ್ಕತ್ತನ್ನು ಮುಟ್ಟಿತು. ಹೊಲಿಗೆಯ ಕೆಲಸವೆಂದ ಕೂಡಲೇ ನಮ್ಮ ಮನೆಯವಳು ಈ ಸಲ ಮೊದಲಿನಿಂದಲೂ ತಾನು ಇರುವುದಾಗಿ ತಿಳಿಸಿದ್ದಾಳೆ. ಭಾನುವಾರದ ಫೋನು ಇನ್ನು ಮೂರು ಊರುಗಳ ನಡುವೆ ನಡೆಯಬೇಕು.

ಕೈಗೆ ಕೆಲಸ ಬೇಕೆನ್ನುವ ವಾಚಕರಿಗೆ ನನ್ನ ಸಲಹೆ ಇಷ್ಟೆ: ಚಿಕ್ಕ ಮಚವೆಯೊಂದರಿಂದ ಪ್ರಾರಂಭಿಸಿ; ಮನೆಯ ಮಕ್ಕಳನ್ನು ಸೇರಿಸಿಕೊಳ್ಳಿ; ಮರ ಒಣಗಲು ಬಿಡಿ; ಹೂ ಕಟ್ಟುವವರೊಡನೆ ಸ್ನೇಹದಿಂದಿರಿ. ನೋಡಬೇಕೆನ್ನುವವರು ಮುಂಬ್ರಾಕ್ಕೆ ಬಂದಾಗ ಮನೆಗೆ ಅಗತ್ಯವಾಗಿ ಬನ್ನಿ. ಧ್ವಜ ಯಾಕಿಲ್ಲವೆಂದು ಮಾತ್ರ ಸದ್ಯಕ್ಕೆ ಕೇಳಬೇಡಿ.